ನಿದ್ರೆ ಮತ್ತು ನಿದ್ರಾದೋಷಗಳು

ನಿದ್ರೆ ಎಂದರೆ ಹೊರಜಗತ್ತಿನ ಅರಿವು ಕುಗ್ಗಿ, ಮೈಕೈ ಚಲನೆ ತಗ್ಗಿ, ದಿನವೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮರಳುವ ಸಹಜ ಸ್ಥಿತಿ. ಮಲಗಿದವರನ್ನು ಕೂಗಿದರೆ, ಅಲುಗಾಡಿಸಿದರೆ ಎದ್ದೇಳುತ್ತಾರೆ. ಮೂರ್ಛೆ, ಕೋಮಾ, ಶಸ್ತ್ರಚಿಕಿತ್ಸೆಯ ಅರಿವಳಿಕೆಗಳಿಗೂ ನಿದ್ರೆಗೂ ಇರುವ ಮುಖ್ಯ ವ್ಯತ್ಯಾಸ ಇದೇ. ಇನ್ನೊಂದು ಲಕ್ಷಣವೂ ಉಂಟು: ಒಂದು ರಾತ್ರಿ ತಪ್ಪಿದ ನಿದ್ರೆಯನ್ನು ದೇಹ ಮಾರನೆಯ ದಿನ ಕೇಳಿ ಪಡೆಯುತ್ತದೆ. ಹಣ್ಣುನೊಣದಿಂದ ಮನುಷ್ಯನವರೆಗೆ, ಚೆನ್ನಾಗಿ ಪರಿಶೀಲಿಸಿದ ಪ್ರಾಣಿಗಳಲ್ಲಿ ನಿದ್ರೆ ಅಥವಾ ನಿದ್ರೆಯನ್ನು ಹೋಲುವ ಸ್ಥಿತಿ ಕಂಡುಬಂದಿದೆ. ಉಸಿರಿಗಾಗಿ ಆಗಾಗ ನೀರಿನ ಮೇಲೆ ಬರಲೇಬೇಕಾದ ಡಾಲ್ಫಿನ್ ಕೂಡ ನಿದ್ರೆಯನ್ನು ಬಿಟ್ಟಿಲ್ಲ. ಅದರ ಮಿದುಳಿನ ಒಂದು ಅರ್ಧ ಮಲಗಿರುವಾಗ ಇನ್ನೊಂದು ಅರ್ಧ ಎಚ್ಚರವಿರುತ್ತದೆ. ಶತ್ರು ಹತ್ತಿರ ಬಂದರೂ ತಿಳಿಯದಂಥ ಅಪಾಯದ ಸ್ಥಿತಿಯನ್ನು ಜೀವವಿಕಾಸ ಕೋಟ್ಯಂತರ ವರ್ಷಗಳಿಂದ ಉಳಿಸಿಕೊಂಡು ಬಂದಿರಬೇಕಾದರೆ ಅದರಿಂದ ಜೀವಿಗೆ ಬಹುದೊಡ್ಡ ಪ್ರಯೋಜನ ಇರಲೇಬೇಕು.

ಹೆಚ್ಚು ಮಲಗುವವನು ಸೋಮಾರಿ, ಗೊರಕೆ ಹೊಡೆಯುವವನದು ಸುಖನಿದ್ರೆ, ನಿದ್ದೆ ಬಾರದವನಿಗೆ ಚಿಂತೆ ಜಾಸ್ತಿ ಎಂಬ ನಂಬಿಕೆಗಳು ನಮ್ಮಲ್ಲಿ ಆಳವಾಗಿವೆ. ಮೊದಲನೆಯದು ಅನೇಕ ಸಲ ತಪ್ಪು, ಎರಡನೆಯದು ಬಹುತೇಕ ಯಾವಾಗಲೂ ತಪ್ಪು, ಮೂರನೆಯದು ಅರ್ಧ ಸತ್ಯ. ನಿದ್ರಾದೋಷಗಳಿರುವ ಹೆಚ್ಚಿನವರು ವೈದ್ಯರ ಬಳಿಗೆ ಹೋಗದೇ ಉಳಿಯಲು ಈ ನಂಬಿಕೆಗಳೂ ಒಂದು ಕಾರಣ.

ಅಧ್ಯಯನದ ಹಿನ್ನೆಲೆ

ಮಾಂಡೂಕ್ಯ ಉಪನಿಷತ್ತು ಜಾಗ್ರತ್, ಸ್ವಪ್ನ, ಸುಷುಪ್ತಿ ಎಂದು ಮೂರು ಅವಸ್ಥೆಗಳನ್ನು ಗುರುತಿಸಿ, ಅವುಗಳನ್ನು ಮೀರಿದ ತುರೀಯವನ್ನು ಹೇಳುತ್ತದೆ. ಅದರ ಗುರಿ ತತ್ತ್ವಚಿಂತನೆಯೇ ಹೊರತು ಶರೀರಶಾಸ್ತ್ರವಲ್ಲ. ಆದರೂ ಕನಸಿನ ಸ್ಥಿತಿ ಬೇರೆ, ಗಾಢನಿದ್ರೆ ಬೇರೆ ಎಂಬ ವಿಂಗಡಣೆ ಅಲ್ಲಿ ಸ್ಪಷ್ಟವಾಗಿದೆ. ಚರಕಸಂಹಿತೆ ಆಹಾರ, ನಿದ್ರೆ, ಬ್ರಹ್ಮಚರ್ಯಗಳನ್ನು ದೇಹವನ್ನು ಎತ್ತಿಹಿಡಿಯುವ ಮೂರು ಉಪಸ್ತಂಭಗಳೆಂದು ಕರೆದಿದೆ. ಹಗಲುನಿದ್ರೆಯನ್ನು ಬೇಸಿಗೆಯಲ್ಲಿ ಒಪ್ಪಿ, ಉಳಿದ ಋತುಗಳಲ್ಲಿ ಆರೋಗ್ಯವಂತರಿಗೆ ಬೇಡವೆಂದಿದೆ.

ಆಧುನಿಕ ವಿಜ್ಞಾನ ಈ ವಿಷಯಕ್ಕೆ ತಡವಾಗಿ ಕೈಹಾಕಿತು. ಕಣ್ಣು ಕಿವಿಗಳಿಂದ ಸುದ್ದಿ ಬರುವುದು ನಿಂತಾಗ ಮಿದುಳು ತಾನಾಗಿ ಸುಮ್ಮನಾಗುತ್ತದೆ, ಅದೇ ನಿದ್ರೆ ಎಂದು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲೂ ಬಹುಮಂದಿ ವಿಜ್ಞಾನಿಗಳು ಭಾವಿಸಿದ್ದರು. ಈ ಭಾವನೆಯನ್ನು ಅಲುಗಿಸಿದ್ದು ಒಂದು ಸಾಂಕ್ರಾಮಿಕ ರೋಗ. ಮೊದಲ ಮಹಾಯುದ್ಧದ ಕಾಲದಲ್ಲಿ ಯುರೋಪಿನಲ್ಲಿ ಹರಡಿದ ಮಿದುಳಿನ ಉರಿಯೂತದ ರೋಗಿಗಳನ್ನು ವಿಯೆನ್ನಾದ ವೈದ್ಯ ಕಾನ್‌ಸ್ಟಾಂಟಿನ್ ಫಾನ್ ಎಕೊನೊಮೊ ಪರೀಕ್ಷಿಸಿ, 1917ರಲ್ಲಿ ವರದಿ ಮಾಡಿದರು. ಕೆಲವರು ವಾರಗಟ್ಟಲೆ ಮಲಗಿಯೇ ಇದ್ದರು; ಇನ್ನು ಕೆಲವರಿಗೆ ನಿದ್ರೆಯೇ ಹತ್ತುತ್ತಿರಲಿಲ್ಲ. ಸತ್ತವರ ಮಿದುಳುಗಳನ್ನು ಪರಿಶೀಲಿಸಿದಾಗ, ಸದಾ ಮಲಗಿದ್ದವರಲ್ಲಿ ಹೈಪೊಥಾಲಮಸ್‌ನ ಹಿಂಭಾಗವೂ ನಿದ್ರೆ ಕಳೆದುಕೊಂಡವರಲ್ಲಿ ಅದರ ಮುಂಭಾಗವೂ ಹಾಳಾಗಿದ್ದವು. ಎಚ್ಚರಕ್ಕೊಂದು, ನಿದ್ರೆಗೊಂದು ಎಂದು ಮಿದುಳಿನಲ್ಲಿ ಬೇರೆಬೇರೆ ನೆಲೆಗಳಿವೆ ಎಂಬುದಕ್ಕೆ ಇದು ಮೊದಲ ಬಲವಾದ ಸಾಕ್ಷ್ಯವಾಯಿತು.

ಜರ್ಮನಿಯ ಹ್ಯಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿ 1929ರಲ್ಲಿ ಪ್ರಕಟಿಸಿದರು. ಇಇಜಿ ಎಂದು ನಾವು ಕರೆಯುವ ಪರೀಕ್ಷೆಯ ಹುಟ್ಟು ಅದು. ನಿದ್ರೆಯ ಅಧ್ಯಯನದಲ್ಲಿ ದೊಡ್ಡ ತಿರುವು ಬಂದದ್ದು ಶಿಕಾಗೊ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ನೇಥನಿಯಲ್ ಕ್ಲೈಟ್‌ಮನ್ ಅವರ ವಿದ್ಯಾರ್ಥಿಯಾಗಿದ್ದ ಯೂಜಿನ್ ಅಸೆರಿನ್‌ಸ್ಕಿ ಒಂದು ಹಳೆಯ ಯಂತ್ರವನ್ನು ದುರಸ್ತಿ ಮಾಡಿಕೊಂಡು, ತಮ್ಮ ಎಂಟು ವರ್ಷದ ಮಗನನ್ನು ಮಲಗಿಸಿ, ಕಣ್ಣಿನ ಬಳಿ ವಿದ್ಯುದ್ವಾರಗಳನ್ನು ಅಂಟಿಸಿ ರಾತ್ರಿಯಿಡೀ ಕಾದರು. ಒಂದು ರಾತ್ರಿಗೆ ಅರ್ಧ ಮೈಲಿಯಷ್ಟು ಕಾಗದ ಸುರುಳಿ ಬಿಚ್ಚುತ್ತಿತ್ತು. ಹುಡುಗ ಗಾಢವಾಗಿ ಮಲಗಿದ್ದರೂ ಲೇಖನಿಗಳು ಇದ್ದಕ್ಕಿದ್ದಂತೆ ಜೋರಾಗಿ ಅಲುಗಾಡಿದವು. ಯಂತ್ರ ಕೆಟ್ಟಿರಬೇಕೆಂಬ ಅನುಮಾನ ಮೊದಲು ಬಂತು. ಕೆಟ್ಟಿರಲಿಲ್ಲ. ಮುಚ್ಚಿದ ರೆಪ್ಪೆಗಳ ಹಿಂದೆ ಕಣ್ಣುಗುಡ್ಡೆಗಳು ಸರಸರನೆ ಓಡಾಡುತ್ತಿದ್ದವು. 1953ರಲ್ಲಿ ಇಬ್ಬರೂ ಪ್ರಕಟಿಸಿದ ಈ ಶೋಧ ರೆಮ್ (ವೇಗದ ಕಣ್ಚಲನೆಯ) ನಿದ್ರೆಯದು. ಕನಸಿಗೂ ಈ ನಿದ್ರೆಗೂ ಇರುವ ನಂಟನ್ನು ವಿಲಿಯಂ ಡಿಮೆಂಟ್ ಮುಂದೆ ವಿವರವಾಗಿ ತೋರಿಸಿದರು. ಫ್ರಾನ್ಸಿನ ಲಿಯೋನ್ ನಗರದ ಮಿಶೆಲ್ ಜೂವೆ, ಬೆಕ್ಕುಗಳ ಮೇಲಿನ ಪ್ರಯೋಗಗಳಿಂದ, ಈ ಹಂತದಲ್ಲಿ ಮಿದುಳು ಎಚ್ಚರದಷ್ಟೇ ಚುರುಕಾಗಿದ್ದರೂ ಮೈಯ ಸ್ನಾಯುಗಳು ಪೂರ್ತಿ ಸಡಿಲವಾಗಿರುತ್ತವೆ ಎಂದು 1959ರಲ್ಲಿ ತೋರಿಸಿದರು.

ರಾತ್ರಿಯ ಹಂತಗಳು

ರಾತ್ರಿಯ ನಿದ್ರೆ ಸುಮಾರು 90 ನಿಮಿಷಗಳ ಆವರ್ತಗಳಲ್ಲಿ ಸಾಗುತ್ತದೆ. ವಯಸ್ಕರಲ್ಲಿ ಒಂದು ರಾತ್ರಿಗೆ ನಾಲ್ಕರಿಂದ ಆರು ಆವರ್ತಗಳಾಗುತ್ತವೆ. ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2007ರಲ್ಲಿ ಪರಿಷ್ಕರಿಸಿದ ಪದ್ಧತಿಯಂತೆ ಎನ್1, ಎನ್2, ಎನ್3 ಎಂಬ ಮೂರು ಹಂತಗಳು, ಅವುಗಳ ಜೊತೆಗೆ ರೆಮ್.

ಎನ್1 ಕೆಲವೇ ನಿಮಿಷಗಳ ಜೋಂಪು. ಮೆಟ್ಟಿಲು ತಪ್ಪಿದ ಹಾಗೆ ಮೈ ಒಮ್ಮೆಲೇ ಝಲ್ಲೆಂದು ಎಚ್ಚರವಾಗುವುದು ಈ ಹಂತದಲ್ಲಿ, ಅದು ರೋಗವಲ್ಲ. ರಾತ್ರಿಯ ಅರ್ಧದಷ್ಟನ್ನು ತೆಗೆದುಕೊಳ್ಳುವುದು ಎನ್2. ಎನ್3 ಗಾಢನಿದ್ರೆ: ಮಿದುಳಿನಲ್ಲಿ ನಿಧಾನವಾದ, ಎತ್ತರವಾದ ಅಲೆಗಳು ಏಳುತ್ತವೆ, ರಕ್ತದೊತ್ತಡ ಇಳಿಯುತ್ತದೆ, ಉಸಿರಾಟ ಒಂದೇ ಲಯಕ್ಕೆ ಬರುತ್ತದೆ. ಬೆಳವಣಿಗೆಯ ಹಾರ್ಮೋನಿನ ಹೆಚ್ಚಿನ ಪಾಲು ಸ್ರವಿಸುವುದು ಈ ಹೊತ್ತಿನಲ್ಲಿ. ಇಲ್ಲಿಂದ ಎಬ್ಬಿಸಿದವರಿಗೆ ತಾವೆಲ್ಲಿದ್ದೇವೆಂದು ಕೆಲಹೊತ್ತು ತಿಳಿಯುವುದಿಲ್ಲ. ರೆಮ್ ಹಂತದಲ್ಲಿ ಕಣ್ಣುಗಳು ಓಡುತ್ತವೆ, ಉಸಿರು ಮತ್ತು ನಾಡಿ ಏರುಪೇರಾಗುತ್ತವೆ, ಎದ್ದ ಮೇಲೂ ನೆನಪಿರುವಂಥ ಸ್ಪಷ್ಟ ಕನಸುಗಳು ಬೀಳುತ್ತವೆ. ವಪೆಯನ್ನೂ ಕಣ್ಣಿನ ಸ್ನಾಯುಗಳನ್ನೂ ಬಿಟ್ಟರೆ ದೇಹದ ಸ್ನಾಯುಗಳಿಗೆ ಆಗ ಕೆಲಸವಿಲ್ಲ. ನವಜಾತ ಶಿಶುವಿನ ನಿದ್ರೆಯಲ್ಲಿ ಅರ್ಧದಷ್ಟು ರೆಮ್ ಇದ್ದರೆ, ವಯಸ್ಕರಲ್ಲಿ ಅದು ಶೇ. 20ರಿಂದ 25.

ಈ ಹಂತಗಳ ಹಂಚಿಕೆ ಸಮನಾಗಿಲ್ಲ. ಗಾಢನಿದ್ರೆ ರಾತ್ರಿಯ ಮೊದಲ ಭಾಗದಲ್ಲಿ ಹೆಚ್ಚು, ರೆಮ್ ಬೆಳಗಿನ ಜಾವದಲ್ಲಿ ಹೆಚ್ಚು. ಕಲಿತದ್ದು ನೆನಪಿನಲ್ಲಿ ನಿಲ್ಲಲು ಎರಡೂ ಬೇಕು. ಆದ್ದರಿಂದ ಪರೀಕ್ಷೆಯ ತಿಂಗಳಲ್ಲಿ ಮಕ್ಕಳನ್ನು ರಾತ್ರಿ ಹನ್ನೊಂದರವರೆಗೆ ಓದಿಸಿ, ಬ್ರಾಹ್ಮೀ ಮುಹೂರ್ತದ ಹೆಸರಿನಲ್ಲಿ ನಾಲ್ಕಕ್ಕೆ ಎಬ್ಬಿಸುವ ನಮ್ಮ ಮನೆಗಳ ರೂಢಿ ಓದಿಗೇ ಹಾನಿ. ನಸುಕಿನಲ್ಲಿ ಏಳುವ ಸಂಪ್ರದಾಯ ಹುಟ್ಟಿದ್ದು ಕತ್ತಲಾಗುತ್ತಿದ್ದಂತೆ ಊಟ ಮುಗಿಸಿ ಮಲಗುತ್ತಿದ್ದ ಕಾಲದಲ್ಲಿ. ಸಂಪ್ರದಾಯದ ಅರ್ಧವನ್ನು ಮಾತ್ರ ಉಳಿಸಿಕೊಂಡು ಹದಿನೈದರ ಹುಡುಗನಿಂದ ಐದು ತಾಸಿನ ನಿದ್ರೆಯಲ್ಲಿ ಅಂಕ ಕೇಳುವುದು ನ್ಯಾಯವಲ್ಲ.

ನಿದ್ರೆ ಬರುವ ಬಗೆ

ನಿದ್ರೆಯ ಹೊತ್ತನ್ನು ಎರಡು ಶಕ್ತಿಗಳು ಸೇರಿ ನಿರ್ಧರಿಸುತ್ತವೆ ಎಂಬುದು ಸ್ವಿಟ್ಜರ್ಲೆಂಡಿನ ಅಲೆಕ್ಸಾಂಡರ್ ಬೊರ್ಬೆಯಿ 1982ರಲ್ಲಿ ಮಂಡಿಸಿದ ಮಾದರಿ. ಇಂದಿಗೂ ಚರ್ಚೆ ಅಲ್ಲಿಂದಲೇ ಶುರುವಾಗುತ್ತದೆ. ಒಂದು, ಎಚ್ಚರವಿದ್ದಷ್ಟೂ ಹೆಚ್ಚುವ ನಿದ್ರೆಯ ಒತ್ತಡ. ನರಕೋಶಗಳು ದಿನವಿಡೀ ಶಕ್ತಿ ವ್ಯಯಿಸಿದಂತೆ ಅಡೆನೊಸಿನ್ ಎಂಬ ವಸ್ತು ಮಿದುಳಿನಲ್ಲಿ ಸೇರುತ್ತದೆ, ಮಲಗಿದಾಗ ಇಳಿಯುತ್ತದೆ. ಕಾಫಿ ಚಹಾಗಳಲ್ಲಿರುವ ಕೆಫೀನ್ ಈ ಅಡೆನೊಸಿನ್‌ನ ಗ್ರಾಹಕಗಳಿಗೆ ಅಡ್ಡಗಟ್ಟುತ್ತದೆ. ದಣಿವು ಹೋಗುವುದಿಲ್ಲ, ದಣಿದಿದ್ದೇವೆಂಬ ಸುದ್ದಿ ಮಾತ್ರ ತಲುಪುವುದಿಲ್ಲ. ಸಾಮಾನ್ಯ ವಯಸ್ಕರಲ್ಲಿ ಕುಡಿದ ಕೆಫೀನ್‌ನ ಅರ್ಧ ಕರಗಲು ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದ ಫಿಲ್ಟರ್ ಕಾಫಿಯ ಅರ್ಧ ಕೆಫೀನ್ ರಾತ್ರಿ ಹನ್ನೊಂದಕ್ಕೂ ಮೈಯಲ್ಲಿರುತ್ತದೆ.

ಎರಡನೆಯದು ದೇಹದ ಒಳಗಡಿಯಾರ. ಹೈಪೊಥಾಲಮಸ್‌ನಲ್ಲಿ, ಎರಡು ಕಣ್ಣುಗಳ ನರಗಳು ಕೂಡುವ ಜಾಗದ ಸ್ವಲ್ಪ ಮೇಲೆ, ಸುಮಾರು 20,000 ನರಕೋಶಗಳ ಒಂದು ಪುಟ್ಟ ಜೋಡಿ ಗಂಟು ಇದೆ. ಇದು ಸುಮಾರು 24 ಗಂಟೆಗಳ ಲಯವನ್ನು ತಾನಾಗಿಯೇ ಹಾಕುತ್ತದೆ; ಕಣ್ಣಿನ ಮೂಲಕ ಬರುವ ಬೆಳಕು ಅದನ್ನು ದಿನವೂ ಹೊರಗಿನ ಹೊತ್ತಿಗೆ ಸರಿಹೊಂದಿಸುತ್ತದೆ. ಕತ್ತಲಾದಾಗ ಅದರ ಸೂಚನೆಯಂತೆ ಪೀನಿಯಲ್ ಗ್ರಂಥಿ ಮೆಲಟೋನಿನ್ ಸ್ರವಿಸುತ್ತದೆ. ಕ್ಲೈಟ್‌ಮನ್ 1938ರಲ್ಲಿ ಕೆಂಟಕಿಯ ಮ್ಯಾಮತ್ ಗುಹೆಯೊಳಗೆ ತಮ್ಮ ಸಹಾಯಕನೊಂದಿಗೆ 32 ದಿನ ಇದ್ದು, 28 ಗಂಟೆಯ ದಿನಕ್ಕೆ ಒಗ್ಗಿಕೊಳ್ಳಲು ಯತ್ನಿಸಿದ್ದರು. ಕಿರಿಯ ಸಹಾಯಕ ಒಗ್ಗಿಕೊಂಡ. ಕ್ಲೈಟ್‌ಮನ್ ಅವರ ಮೈಬಿಸಿ ಮಾತ್ರ 24 ಗಂಟೆಗಳ ಏರಿಳಿತವನ್ನು ಬಿಡಲಿಲ್ಲ. ಜೀವಕೋಶದೊಳಗೆ ಈ ಗಡಿಯಾರವನ್ನು ನಡೆಸುವ ಜೀನುಗಳ ಕೆಲಸವನ್ನು ಹಣ್ಣುನೊಣಗಳಲ್ಲಿ ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕೇಲ್ ರಾಸ್‌ಬಾಶ್, ಮೈಕೇಲ್ ಯಂಗ್ ಅವರಿಗೆ 2017ರ ವೈದ್ಯಕೀಯ ನೊಬೆಲ್ ಬಂತು.

ಎಷ್ಟು ನಿದ್ರೆ ಬೇಕು?

ನವಜಾತ ಶಿಶುಗಳಿಗೆ 14ರಿಂದ 17 ಗಂಟೆ, ಶಾಲೆಯ ಮಕ್ಕಳಿಗೆ 9ರಿಂದ 11, ಹದಿಹರೆಯದವರಿಗೆ 8ರಿಂದ 10, ವಯಸ್ಕರಿಗೆ 7ರಿಂದ 9, 65 ದಾಟಿದವರಿಗೆ 7ರಿಂದ 8 ಗಂಟೆ ಎಂಬುದು ಅಮೆರಿಕದ ನ್ಯಾಷನಲ್ ಸ್ಲೀಪ್ ಫೌಂಡೇಶನ್ 2015ರಲ್ಲಿ ಕೊಟ್ಟ ಸಲಹೆ. ವಯಸ್ಸಾದವರಿಗೆ ನಿದ್ರೆಯ ಅಗತ್ಯ ಕುಸಿದುಬಿಡುತ್ತದೆ ಎಂಬ ಮಾತು ಸರಿಯಲ್ಲ. ಅಗತ್ಯ ಬಹಳ ಕಡಿಮೆಯಾಗುವುದಿಲ್ಲ, ಗಾಢನಿದ್ರೆ ತೆಳುವಾಗಿ ನಡುನಡುವೆ ಎಚ್ಚರವಾಗುವುದು ಹೆಚ್ಚುತ್ತದೆ. ಹದಿಹರೆಯದಲ್ಲಿ ಒಳಗಡಿಯಾರವೇ ಹಿಂದಕ್ಕೆ ಸರಿಯುತ್ತದೆ. ರಾತ್ರಿ ಬೇಗ ಮಲಗಲಾರದ, ಬೆಳಗ್ಗೆ ಏಳಲಾರದ ಮಕ್ಕಳಲ್ಲಿ ಅಶಿಸ್ತನ್ನು ಮಾತ್ರ ಕಾಣುವ ತಂದೆತಾಯಿಗಳು ಇದನ್ನು ತಿಳಿದಿರಬೇಕು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲಿ, ಹದಿಹರೆಯದವರ ಶಾಲೆಗಳು ಬೆಳಗ್ಗೆ ಎಂಟೂವರೆಗೆ ಮುಂಚೆ ಶುರುವಾಗಬಾರದೆಂದು ಹೇಳಿದ್ದು ಈ ಕಾರಣಕ್ಕೆ.

ನಿದ್ರೆಗೆಟ್ಟರೆ ಮೊದಲು ಏಟು ಬೀಳುವುದು ಗಮನಕ್ಕೆ. ಸತತ 17 ಗಂಟೆ ಎಚ್ಚರವಿದ್ದವರ ಕೈ ಮತ್ತು ಕಣ್ಣುಗಳ ಹೊಂದಾಣಿಕೆ, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯವಿರುವವರ ಮಟ್ಟಕ್ಕೆ ಇಳಿಯುತ್ತದೆ ಎಂದು ಆಸ್ಟ್ರೇಲಿಯಾದ ಡಾಸನ್ ಮತ್ತು ರೀಡ್ 1997ರಲ್ಲಿ ತೋರಿಸಿದರು. ಭಾರತದ ಮೋಟಾರು ವಾಹನ ಕಾಯ್ದೆ ಒಪ್ಪುವ ಮಿತಿ 30 ಮಿಲಿಗ್ರಾಂ. ಬೆಳಗ್ಗೆ ಐದಕ್ಕೆ ಎದ್ದು, ಹಗಲು ಕಣ್ಣು ಮುಚ್ಚದೆ, ರಾತ್ರಿ ಹತ್ತಕ್ಕೆ ಶಿರಾಡಿ ಘಾಟಿಯ ಕಡೆಗೆ ಲಾರಿ ಹೊರಡಿಸುವ ಚಾಲಕ ಒಂದು ಹನಿ ಕುಡಿಯದಿದ್ದರೂ ಆ ಮಿತಿಯನ್ನು ದಾಟಿದವನಷ್ಟೇ ಅಪಾಯದಲ್ಲಿದ್ದಾನೆ. ಪೊಲೀಸರು ಊದಿಸುವ ಯಂತ್ರ ಇದನ್ನು ಹಿಡಿಯಲಾರದು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ದುಡಿಮೆಯ ಮಿತಿ ಹಾಕಿತ್ತು. ಕಾಯ್ದೆಯಲ್ಲಿದ್ದದ್ದು ರಸ್ತೆಯಲ್ಲೂ ಇದ್ದಿದ್ದರೆ ಅನೇಕ ಜೀವಗಳು ಉಳಿಯುತ್ತಿದ್ದವು.

ದೀರ್ಘಕಾಲದ ನಿದ್ರಾಕೊರತೆ ಬೊಜ್ಜು, ಎರಡನೆಯ ಬಗೆಯ ಮಧುಮೇಹ, ಅಧಿಕ ರಕ್ತದೊತ್ತಡ, ಖಿನ್ನತೆಗಳೊಂದಿಗೆ ತಳಕು ಹಾಕಿಕೊಂಡಿದೆ. ನಿದ್ರೆಯ ಹೊತ್ತಿನಲ್ಲಿ ಮಿದುಳಿನ ದ್ರವ ಕಸವನ್ನು ತೊಳೆದು ಸಾಗಿಸುತ್ತದೆ ಎಂದು 2013ರಲ್ಲಿ ಇಲಿಗಳಲ್ಲಿ ಮಾಡಿದ ಪ್ರಯೋಗ ಹೇಳಿತು. ಇದು ಪತ್ರಿಕೆಗಳಲ್ಲಿ ಬಹಳ ಪ್ರಚಾರ ಪಡೆದಿದೆಯಾದರೂ ವಿಜ್ಞಾನಿಗಳ ನಡುವೆ ವಾದ ಮುಗಿದಿಲ್ಲ.

ನಿದ್ರಾಹೀನತೆ

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆ ನಿದ್ರಾಹೀನತೆಯ ಆರಂಭವನ್ನು ಚೆನ್ನಾಗಿಯೇ ಹೇಳುತ್ತದೆ. ಆದರೆ ಅದು ಮುಂದುವರಿಯುವ ಬಗೆಯನ್ನು ಹೇಳುವುದಿಲ್ಲ. ಸಾವು, ಸಾಲ, ಕೆಲಸ ಹೋಗುವುದು, ಹೆರಿಗೆ, ಕಾಯಿಲೆ ಹೀಗೆ ಏನೋ ಒಂದು ಕಾರಣಕ್ಕೆ ಕೆಲವು ರಾತ್ರಿ ನಿದ್ದೆ ಕೆಡುತ್ತದೆ. ಕಾರಣ ಕರಗಿದ ಮೇಲೂ ನಿದ್ದೆ ಮರಳದಿದ್ದರೆ, ಅದಕ್ಕೆ ಹೊಣೆ ನಿದ್ದೆ ಕೆಟ್ಟಾಗ ನಾವು ಮಾಡಿಕೊಂಡ ಪರಿಹಾರಗಳೇ. ಬೇಗ ಹಾಸಿಗೆ ಸೇರುವುದು, ಹಗಲು ಮಲಗಿ ಸರಿದೂಗಿಸುವುದು, ಗಂಟೆಗೊಮ್ಮೆ ಗಡಿಯಾರ ನೋಡುವುದು, ‘ಇವತ್ತಾದರೂ ಬರುತ್ತದೋ ಇಲ್ಲವೋ’ ಎಂದು ಸಂಜೆಯಿಂದಲೇ ಹೆದರುವುದು. ಹಾಸಿಗೆ ಕಂಡರೆ ಮಿದುಳು ಎಚ್ಚರಗೊಳ್ಳುವಂತೆ ಹೀಗೆ ಅಭ್ಯಾಸವಾಗುತ್ತದೆ. ಹಾಲ್‌ನಲ್ಲಿ ಟಿ.ವಿ. ಮುಂದೆ ತೂಕಡಿಸುತ್ತಿದ್ದವರಿಗೆ ಎದ್ದು ಕೋಣೆಗೆ ಹೋದ ಕೂಡಲೇ ನಿದ್ದೆ ಹಾರಿಹೋಗುವುದು ಇದರ ಗುರುತು.

ಹೊತ್ತಿಗೆ ಮಲಗಲು ಅವಕಾಶವಿದ್ದೂ ನಿದ್ರೆ ಹತ್ತದಿರುವುದು, ನಡುರಾತ್ರಿ ಎಚ್ಚರವಾಗುವುದು ಅಥವಾ ತೀರ ಬೇಗ ಎಚ್ಚರವಾಗಿ ಮತ್ತೆ ಕಣ್ಣು ಹತ್ತದಿರುವುದು ವಾರಕ್ಕೆ ಮೂರು ರಾತ್ರಿಯಾದರೂ ಇದ್ದು, ಮೂರು ತಿಂಗಳು ಮುಂದುವರಿದು, ಹಗಲಿನ ಕೆಲಸವನ್ನು ಕೆಡಿಸಿದರೆ ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ. ಇದಕ್ಕೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ. ಸಿಬಿಟಿ-ಐ ಎಂಬ, ಆರೆಂಟು ವಾರಗಳ ವರ್ತನಾ ಚಿಕಿತ್ಸೆಯನ್ನೇ ಮೊದಲು ಕೊಡಬೇಕೆಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲಿ ಹೇಳಿತು. ಅದರ ತಿರುಳನ್ನು ಒಂದು ಉದಾಹರಣೆಯಲ್ಲಿ ನೋಡಬಹುದು. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಹಾಸಿಗೆಯಲ್ಲಿದ್ದು ಐದೂವರೆ ಗಂಟೆ ಮಾತ್ರ ನಿದ್ರಿಸುವವರಿಗೆ, ಕೆಲವು ವಾರ ಹನ್ನೆರಡೂವರೆಗೆ ಮಲಗಿ ಆರಕ್ಕೆ ಏಳುವಂತೆ ಹೇಳುತ್ತಾರೆ. ಹಗಲು ನಿದ್ರೆ ಕೂಡದು, ರಜೆಯ ದಿನವೂ ಏಳುವ ಹೊತ್ತು ಬದಲಾಗಕೂಡದು. ಮಲಗಿ ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ ನಿದ್ದೆ ಹತ್ತದಿದ್ದರೆ ಎದ್ದು ಬೇರೆ ಕೋಣೆಯಲ್ಲಿ ಮಂದ ಬೆಳಕಿನಲ್ಲಿ ಕುಳಿತು, ತೂಕಡಿಕೆ ಬಂದಾಗ ಮಾತ್ರ ಮರಳಬೇಕು. ಮೊದಲ ವಾರ ಕಷ್ಟ. ಹಾಸಿಗೆಯಲ್ಲಿ ಕಳೆದ ಹೊತ್ತಿನ ಶೇ. 85ಕ್ಕಿಂತ ಹೆಚ್ಚು ನಿದ್ರೆಯಾಗತೊಡಗಿದ ಮೇಲೆ ಹದಿನೈದು ಹದಿನೈದು ನಿಮಿಷವಾಗಿ ಅವಧಿ ಹೆಚ್ಚಿಸುತ್ತಾರೆ. ಅಪಸ್ಮಾರ, ಬೈಪೋಲಾರ್ ಕಾಯಿಲೆ ಇರುವವರು, ವಾಹನ ಓಡಿಸುವವರು ಇದನ್ನು ವೈದ್ಯರ ನಿಗಾ ಇಲ್ಲದೆ ಮಾಡಬಾರದು.

ನಿದ್ರೆ ಮಾತ್ರೆಗಳು ಅಲ್ಪಕಾಲಕ್ಕೆ ನೆರವಾಗಬಲ್ಲವು. ಆಲ್ಪ್ರಜೋಲಮ್, ಜೋಲ್ಪಿಡೆಮ್‌ಗಳನ್ನು ಭಾರತದಲ್ಲಿ ಎಚ್1 ಅನುಸೂಚಿಗೆ ಸೇರಿಸಲಾಗಿದೆ: ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ, ಔಷಧದಂಗಡಿಯವರು ಪ್ರತ್ಯೇಕ ದಾಖಲೆ ಇಡಬೇಕು. ಆದರೂ ಯಾವತ್ತೋ ಬರೆದುಕೊಟ್ಟ ಹಳೆಯ ಚೀಟಿ ಹಿಡಿದು ವರ್ಷಗಟ್ಟಲೆ ನುಂಗುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಈ ಮಾತ್ರೆಗಳು ರೂಢಿಯಾಗುತ್ತವೆ, ವಯಸ್ಸಾದವರನ್ನು ರಾತ್ರಿ ಬಚ್ಚಲಿಗೆ ಹೋಗುವಾಗ ಬೀಳಿಸುತ್ತವೆ, ಮರೆವು ತರುತ್ತವೆ. ಬಹುಕಾಲ ತೆಗೆದುಕೊಂಡವರು ಒಮ್ಮೆಲೇ ನಿಲ್ಲಿಸುವುದೂ ಅಪಾಯ. ವೈದ್ಯರ ಸಲಹೆಯಂತೆ ಹಂತಹಂತವಾಗಿ ಇಳಿಸಬೇಕು. ಮದ್ಯ ಬೇಗ ನಿದ್ದೆ ತರಿಸುತ್ತದೆ ಎಂಬುದು ನಿಜ. ಅದೇ ಮದ್ಯ ರಾತ್ರಿಯ ಎರಡನೆಯ ಅರ್ಧವನ್ನು ಒಡೆದುಹಾಕುತ್ತದೆ ಎಂಬುದೂ ನಿಜ.

ಗೊರಕೆ ಮತ್ತು ಉಸಿರುಕಟ್ಟುವಿಕೆ

ಸ್ಲೀಪ್ ಆಪ್ನಿಯಾ ಎಂದರೆ ನಿದ್ರೆಯಲ್ಲಿ ಮತ್ತೆಮತ್ತೆ ಉಸಿರು ನಿಲ್ಲುವುದು. ಇದರ ಸಾಮಾನ್ಯ ರೂಪದಲ್ಲಿ ತೊಂದರೆ ಇರುವುದು ಗಂಟಲಿನಲ್ಲಿ. ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾದಾಗ, ತೆಳುವಾದ ಸ್ಟ್ರಾವನ್ನು ಜೋರಾಗಿ ಹೀರಿದರೆ ಅದರ ಗೋಡೆಗಳು ಅಂಟಿಕೊಳ್ಳುವ ಹಾಗೆ, ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಬೊಜ್ಜು, ದಪ್ಪ ಕುತ್ತಿಗೆ, ಹಿಂದಕ್ಕೆ ಸರಿದ ದವಡೆ, ದೊಡ್ಡ ಟಾನ್ಸಿಲ್ ಇದಕ್ಕೆ ದಾರಿ ಮಾಡುತ್ತವೆ. ಏಷ್ಯಾದವರಲ್ಲಿ ಮುಖದ ಮೂಳೆಗಳ ರಚನೆಯ ಕಾರಣದಿಂದ, ಅಷ್ಟೇನೂ ದಪ್ಪಗಿಲ್ಲದವರಿಗೂ ಈ ತೊಂದರೆ ಬರುತ್ತದೆ. ಚಾರ್ಲ್ಸ್ ಡಿಕನ್ಸ್ ತನ್ನ ಪಿಕ್‌ವಿಕ್ ಪೇಪರ್ಸ್ ಕಾದಂಬರಿಯಲ್ಲಿ ನಿಂತಲ್ಲೇ ನಿದ್ದೆ ಹೋಗುವ ದಪ್ಪ ಹುಡುಗನೊಬ್ಬನನ್ನು ಚಿತ್ರಿಸಿದ್ದಾನೆ. 1956ರಲ್ಲಿ ವೈದ್ಯರು ಬೊಜ್ಜಿನೊಂದಿಗಿನ ಉಸಿರಾಟದ ಕಾಯಿಲೆಯೊಂದಕ್ಕೆ ಆ ಕಾದಂಬರಿಯ ಹೆಸರನ್ನೇ ಇಟ್ಟರು.

ಈ ದೋಷವನ್ನು ಅರಿಯಲು ನಿದ್ರಾಪರೀಕ್ಷೆಯ ಕೋಣೆಯೊಂದನ್ನು ನೋಡಬೇಕು. ರೋಗಿ ಒಂಬತ್ತರ ಹೊತ್ತಿಗೆ ಊಟ ಮುಗಿಸಿ ಬರುತ್ತಾರೆ. ತಂತ್ರಜ್ಞರು ತಲೆಯ ಅಳತೆ ತೆಗೆದು, ಗುರುತು ಹಾಕಿ, ಚರ್ಮವನ್ನು ಉಜ್ಜಿ, ಅಂಟಿನಿಂದ ವಿದ್ಯುದ್ವಾರಗಳನ್ನು ಕೂರಿಸುತ್ತಾರೆ. ಕಣ್ಣಿನ ಅಂಚಿಗೆ, ಗಲ್ಲದ ಕೆಳಗೆ, ಮೊಣಕಾಲಿನ ಕೆಳಗೂ ತಂತಿಗಳು. ಮೂಗಿನ ಬಳಿ ಗಾಳಿ ಅಳೆಯುವ ನಳಿಕೆ, ಎದೆಗೂ ಹೊಟ್ಟೆಗೂ ಒಂದೊಂದು ಪಟ್ಟಿ, ಬೆರಳಿಗೆ ಆಮ್ಲಜನಕದ ಕ್ಲಿಪ್. ಪಕ್ಕದ ಕೋಣೆಯ ಪರದೆಯಲ್ಲಿ ಎಲ್ಲವೂ ಸಾಲುಸಾಲಾಗಿ ಹರಿಯುತ್ತವೆ. ತೀವ್ರ ಆಪ್ನಿಯಾ ಇರುವವರು ಮಲಗಿದ ಸ್ವಲ್ಪ ಹೊತ್ತಿಗೆ ಗೊರಕೆ ಏರುತ್ತದೆ, ಮತ್ತೆ ಥಟ್ಟನೆ ನಿಲ್ಲುತ್ತದೆ. ಮೂಗಿನ ಗಾಳಿಯ ಗೆರೆ ಚಪ್ಪಟೆಯಾಗುತ್ತದೆ. ಎದೆ ಮತ್ತು ಹೊಟ್ಟೆಯ ಪಟ್ಟಿಗಳು ಮಾತ್ರ ಒಂದಕ್ಕೊಂದು ಎದುರಾಗಿ ಏರಿಳಿಯುತ್ತಿರುತ್ತವೆ, ಏಕೆಂದರೆ ಮುಚ್ಚಿದ ಗಂಟಲಿನ ವಿರುದ್ಧ ದೇಹ ಸೆಣಸುತ್ತಿದೆ. ಹತ್ತು, ಇಪ್ಪತ್ತು, ಕೆಲವೊಮ್ಮೆ ನಲವತ್ತು ಸೆಕೆಂಡು. ಆಮ್ಲಜನಕ 96ರಿಂದ 90ಕ್ಕೆ, 80ಕ್ಕೆ ಜಾರುತ್ತದೆ. ಕೊನೆಗೆ ಮಿದುಳಿನ ಅಲೆಗಳಲ್ಲಿ ಒಂದು ಕ್ಷಣದ ಎಚ್ಚರ, ದೊಡ್ಡದೊಂದು ಗುಟುರು, ಮತ್ತೆ ಉಸಿರು. ರೋಗಿಗೆ ಇದರ ನೆನಪೇ ಇರುವುದಿಲ್ಲ. ಗಂಟೆಗೆ ಇಂಥ ಘಟನೆಗಳು 5ರಿಂದ 15 ಇದ್ದರೆ ಸೌಮ್ಯ, 15ರಿಂದ 30 ಮಧ್ಯಮ, 30ಕ್ಕೂ ಹೆಚ್ಚಿದ್ದರೆ ತೀವ್ರ ಎಂದು ಲೆಕ್ಕ. ಗಂಟೆಗೆ ಅರವತ್ತು ಸಲ ಉಸಿರುಕಟ್ಟಿ ಏಳುವವರು, ಬೆಳಗ್ಗೆ ‘ಚೆನ್ನಾಗಿ ಮಲಗಿದೆ, ಆದರೂ ತಲೆ ಭಾರ’ ಎನ್ನುತ್ತಾರೆ.

ಪರಿಣಾಮ ಹಗಲಿನ ತೂಕಡಿಕೆಗೆ ನಿಲ್ಲುವುದಿಲ್ಲ. ಔಷಧಕ್ಕೆ ಬಗ್ಗದ ರಕ್ತದೊತ್ತಡ, ಹೃದಯದ ಲಯ ತಪ್ಪುವುದು, ಪಾರ್ಶ್ವವಾಯು ಇವುಗಳ ಹಿಂದೆ ಆಪ್ನಿಯಾ ಇರುವುದುಂಟು. ಹೆಂಗಸರಲ್ಲಿ ಇದು ಮುಟ್ಟು ನಿಂತ ಮೇಲೆ ಹೆಚ್ಚುತ್ತದೆ. ಅವರಲ್ಲಿ ಜೋರು ಗೊರಕೆಗಿಂತ ಆಯಾಸ, ತಲೆನೋವು, ಬೇಸರ ಮುಂದೆ ಕಾಣುವುದರಿಂದ, ಮನೆಗೆಲಸದ ದಣಿವೆಂದು ಅವರೂ ಮನೆಯವರೂ ಸುಮ್ಮನಾಗುತ್ತಾರೆ. ಮಕ್ಕಳಲ್ಲಿ ಟಾನ್ಸಿಲ್, ಅಡಿನಾಯ್ಡ್ ದೊಡ್ಡದಾಗಿ ಬಾಯಿ ತೆರೆದು ಮಲಗುವುದು, ಹಗಲು ತೂಕಡಿಸುವ ಬದಲು ತರಗತಿಯಲ್ಲಿ ಕೂತಲ್ಲಿ ಕೂರದಿರುವುದು ಸೂಚನೆಗಳು. ಆ ಟಾನ್ಸಿಲ್, ಅಡಿನಾಯ್ಡ್‌ಗಳನ್ನು ತೆಗೆದರೆ ಬಹಳಷ್ಟು ಮಕ್ಕಳು ಗುಣವಾಗುತ್ತಾರೆ.

ವಯಸ್ಕರಿಗೆ ಮುಖ್ಯ ಚಿಕಿತ್ಸೆ ಸಿಪ್ಯಾಪ್. ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ 1981ರಲ್ಲಿ ಪ್ರಕಟಿಸಿದ ಈ ವಿಧಾನದಲ್ಲಿ ಒಂದು ಪುಟ್ಟ ಯಂತ್ರ ಮುಖವಾಡದ ಮೂಲಕ ಗಾಳಿಯನ್ನು ಒತ್ತಡದಿಂದ ಕಳಿಸಿ ಗಂಟಲು ಮುಚ್ಚದಂತೆ ತಡೆಯುತ್ತದೆ. ಮುಖವಾಡ ಹಾಕಿಕೊಂಡು ಮಲಗಲು ಆರಂಭದಲ್ಲಿ ಮುಜುಗರವಾಗುತ್ತದೆ, ಬೆಲೆಯೂ ಕಡಿಮೆಯಲ್ಲ. ಅನೇಕರು ಒಂದೆರಡು ತಿಂಗಳಲ್ಲಿ ಅಟ್ಟಕ್ಕೆ ಹಾಕಿಬಿಡುತ್ತಾರೆ. ಅಳತೆಗೆ ಸರಿಯಾದ ಮುಖವಾಡ, ಮನೆಯವರ ಒತ್ತಾಸೆ ಇದ್ದವರು ಮುಂದುವರಿಸುತ್ತಾರೆ. ತೂಕ ಇಳಿಸುವುದು, ಮದ್ಯ ಬಿಡುವುದು, ಮಗ್ಗುಲಾಗಿ ಮಲಗುವುದು, ದವಡೆಯನ್ನು ಮುಂದಕ್ಕೆ ಹಿಡಿಯುವ ದಂತಸಾಧನ ಕೆಲವರಿಗೆ ಸಾಕಾಗುತ್ತವೆ.

ಇತರ ದೋಷಗಳು

ನಾರ್ಕೊಲೆಪ್ಸಿ ಅಪರೂಪದ ಕಾಯಿಲೆ. ಹಗಲಿನಲ್ಲಿ ತಡೆಯಲಾಗದ ನಿದ್ದೆ, ನಕ್ಕಾಗ ಅಥವಾ ಬೆರಗಾದಾಗ ಮಂಡಿ ಕುಸಿದು ಬೀಳುವುದು ಇದರ ಲಕ್ಷಣಗಳು. 1998ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ಕಂಡುಹಿಡಿದ ಒರೆಕ್ಸಿನ್ ಎಂಬ ಮಿದುಳಿನ ವಸ್ತು ಎಚ್ಚರವನ್ನು ಸ್ಥಿರವಾಗಿಡುತ್ತದೆ. ಕುಸಿದು ಬೀಳುವ ಬಗೆಯ ರೋಗಿಗಳಲ್ಲಿ ಅದನ್ನು ತಯಾರಿಸುವ ನರಕೋಶಗಳು ನಾಶವಾಗಿರುತ್ತವೆ. ಸಾಮಾನ್ಯವಾಗಿ ಹದಿಹರೆಯದಲ್ಲಿ ಶುರುವಾಗುವ ಈ ಕಾಯಿಲೆಯವರು ರೋಗ ಪತ್ತೆಯಾಗುವ ಮೊದಲು ಎಷ್ಟೋ ವರ್ಷ ಸೋಮಾರಿಗಳೆಂಬ ಬೈಗುಳ ತಿನ್ನುತ್ತಾರೆ.

ಎಚ್ಚರವಾಗಿ ಕಣ್ಣು ಬಿಟ್ಟರೂ ಮೈ ಅಲುಗಿಸಲಾಗದೆ, ಎದೆಯ ಮೇಲೆ ದೆವ್ವ ಕೂತಂತೆ ಅನ್ನಿಸುವುದಕ್ಕೆ ನಿದ್ರಾಪಾರ್ಶ್ವವಾಯು ಎನ್ನುತ್ತಾರೆ. ರೆಮ್ ಹಂತದ ಸ್ನಾಯುಸಡಿಲಿಕೆ ಎಚ್ಚರದೊಳಕ್ಕೂ ಕೆಲವು ಕ್ಷಣ ಉಳಿಯುವುದರಿಂದ ಹೀಗಾಗುತ್ತದೆ. ನಿದ್ದೆಗೆಟ್ಟವರಲ್ಲಿ, ಅಂಗಾತ ಮಲಗಿದಾಗ ಹೆಚ್ಚು. ತಾಯತಕ್ಕೆ ಓಡುವ ಅಗತ್ಯವಿಲ್ಲ. ಇದಕ್ಕೆ ತದ್ವಿರುದ್ಧವಾದುದು ರೆಮ್ ವರ್ತನಾದೋಷ: ಸಡಿಲವಾಗಬೇಕಾದ ಸ್ನಾಯುಗಳು ಸಡಿಲವಾಗದೆ, ಮಲಗಿದವರು ಕನಸಿನಲ್ಲಿ ಕಂಡದ್ದನ್ನು ಹಾಸಿಗೆಯಲ್ಲೇ ನಡೆಸುತ್ತಾರೆ, ಪಕ್ಕದಲ್ಲಿರುವವರಿಗೆ ಗುದ್ದುತ್ತಾರೆ. 1986ರಲ್ಲಿ ಅಮೆರಿಕದ ಶೆಂಕ್ ಮತ್ತು ಮಹೋವಾಲ್ಡ್ ವಿವರಿಸಿದ ಈ ದೋಷ ಐವತ್ತು ದಾಟಿದ ಗಂಡಸರಲ್ಲಿ ಹೆಚ್ಚಾಗಿ ಗುರುತಿಸಲ್ಪಟ್ಟಿದೆ. ಇವರಲ್ಲಿ ಬಹುಪಾಲು ಮಂದಿಗೆ ವರ್ಷಗಳ ನಂತರ ಪಾರ್ಕಿನ್ಸನ್ ಅಥವಾ ಅಂಥದೇ ನರರೋಗ ಬರುತ್ತದೆ. ಆದ್ದರಿಂದ ನರರೋಗ ತಜ್ಞರು ಇದನ್ನು ಬಹಳ ಗಂಭೀರವಾಗಿ ನೋಡುತ್ತಾರೆ. ಮಕ್ಕಳ ನಿದ್ದೆನಡಿಗೆ, ರಾತ್ರಿ ಚೀರಿಕೊಂಡು ಎದ್ದರೂ ಬೆಳಗ್ಗೆ ನೆನಪಿಲ್ಲದ ಭಯ ಇವು ಗಾಢನಿದ್ರೆಯ ಹಂತದವು. ಹೆಚ್ಚಿನ ಮಕ್ಕಳಲ್ಲಿ ದೊಡ್ಡವರಾದಂತೆ ಹೋಗುತ್ತವೆ. ಬಾಗಿಲಿಗೆ ಚಿಲಕ, ಮಹಡಿಯ ಮೆಟ್ಟಿಲಿಗೆ ತಡೆ ಇದ್ದರೆ ಸಾಕು.

ಸಂಜೆಯಾಗುತ್ತಿದ್ದಂತೆ ಕಾಲೊಳಗೆ ಏನೋ ಹರಿದಾಡಿದಂತಾಗಿ, ಅಲುಗಿಸಿದರೆ ಮಾತ್ರ ಹಿತವೆನಿಸುವ ತೊಂದರೆಯನ್ನು ಸ್ವೀಡನ್ನಿನ ಎಕ್‌ಬೊಮ್ 1940ರ ದಶಕದಲ್ಲಿ ವಿವರಿಸಿದರು. ಕಬ್ಬಿಣಾಂಶದ ಕೊರತೆ ಇದರ ಒಂದು ಮುಖ್ಯ ಕಾರಣ. ಗರ್ಭಿಣಿಯರಲ್ಲೂ ಮೂತ್ರಪಿಂಡದ ಕಾಯಿಲೆಯವರಲ್ಲೂ ಹೆಚ್ಚು. 15ರಿಂದ 49 ವಯಸ್ಸಿನ ಭಾರತೀಯ ಹೆಂಗಸರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ರಾತ್ರಿ ಮಕ್ಕಳಿಂದ ಕಾಲು ಒತ್ತಿಸಿಕೊಳ್ಳುವ ತಾಯಂದಿರಿಗೆ ದೇಹದ ಕಬ್ಬಿಣಾಂಶದ ಸಂಗ್ರಹವನ್ನು ತಿಳಿಸುವ ಒಂದು ಫೆರಿಟಿನ್ ಪರೀಕ್ಷೆ ಮಾಡಿಸಿದರೆ ಕೆಲವರ ಕಷ್ಟ ಅಲ್ಲೇ ಬಗೆಹರಿದೀತು.

ರಾತ್ರಿಪಾಳಿ ಒಳಗಡಿಯಾರಕ್ಕೂ ದುಡಿಮೆಯ ಹೊತ್ತಿಗೂ ಜಗಳ ಹಚ್ಚುತ್ತದೆ. ಬೆಂಗಳೂರಿನ ಕಾಲ್‌ಸೆಂಟರಿನವರು, ಆಸ್ಪತ್ರೆಯ ದಾದಿಯರು, ದೀಪಾವಳಿಯ ನಂತರ ಮಳೆಗಾಲಕ್ಕೆ ಮುಂಚಿನ ಪತ್ತನಾಜೆಯವರೆಗೆ ತಿರುಗಾಟದಲ್ಲಿ ರಾತ್ರಿಯಿಡೀ ವೇಷ ಕಟ್ಟುವ ಕರಾವಳಿಯ ಯಕ್ಷಗಾನ ಕಲಾವಿದರು ಎಲ್ಲರೂ ಇದನ್ನು ಬಲ್ಲರು. ಹಗಲು ಎಂಟು ಗಂಟೆ ಮಲಗಿದರೂ ಅದು ರಾತ್ರಿಯ ನಿದ್ರೆಗೆ ಸಮವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ರಾತ್ರಿಪಾಳಿಯನ್ನು ಕ್ಯಾನ್ಸರ್‌ಗೆ ಕಾರಣವಾಗಬಹುದಾದವುಗಳ ಪಟ್ಟಿಗೆ 2007ರಲ್ಲಿ ಸೇರಿಸಿ, 2019ರಲ್ಲಿ ಅದನ್ನೇ ಮತ್ತೆ ಎತ್ತಿಹಿಡಿಯಿತು.

ಕರ್ನಾಟಕದಲ್ಲಿ

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಿದ್ರೆಯ ಸಂಶೋಧನೆ ಬಹುಕಾಲದಿಂದ ನಡೆದಿದೆ. ಅಲ್ಲಿನ ನರಶರೀರಶಾಸ್ತ್ರ ವಿಭಾಗದವರು ವಿಪಶ್ಯನ ಧ್ಯಾನಿಗಳ ನಿದ್ರೆಯನ್ನು ದಾಖಲಿಸಿ, ವಯಸ್ಸಾದಂತೆ ತೆಳುವಾಗುವ ಗಾಢನಿದ್ರೆ ಮಧ್ಯವಯಸ್ಸಿನ ಧ್ಯಾನಿಗಳಲ್ಲಿ ಹೆಚ್ಚು ಉಳಿದಿತ್ತೆಂದು 2006ರಲ್ಲಿ ಪ್ರಕಟಿಸಿದರು. ಇದು ಧ್ಯಾನದ ಫಲವೋ, ಧ್ಯಾನಿಗಳ ಒಟ್ಟು ಜೀವನಕ್ರಮದ ಫಲವೋ ಎಂದು ಇಂಥ ಹೋಲಿಕೆಯಿಂದ ಮಾತ್ರ ತೀರ್ಮಾನಿಸಲಾಗದು. ನಿದ್ರಾಪರೀಕ್ಷೆಯ ಸೌಲಭ್ಯ ಇಂದು ದೊಡ್ಡ ನಗರಗಳ ಅನೇಕ ಆಸ್ಪತ್ರೆಗಳಲ್ಲಿದೆ; ಮನೆಯಲ್ಲೇ ಮಾಡಬಹುದಾದ ಸರಳ ಉಪಕರಣಗಳೂ ಬಂದಿವೆ. ತಾಲ್ಲೂಕು ಮಟ್ಟದಲ್ಲಿ ಕೊರತೆ ದೊಡ್ಡದು.

ನಿದ್ರಾದೋಷವನ್ನು ಮೊದಲು ಕಾಣುವವರು ರೋಗಿಯ ಪಕ್ಕದಲ್ಲಿ ಮಲಗುವವರು. ಮನೆಯಲ್ಲಿ ಯಾರಾದರೂ ಗೊರಕೆಯ ನಡುವೆ ಉಸಿರು ನಿಲ್ಲಿಸುತ್ತಿದ್ದರೆ, ನಿದ್ದೆಯಲ್ಲಿ ಕೈಕಾಲು ಬೀಸುತ್ತಿದ್ದರೆ, ಮೊಬೈಲಿನಲ್ಲಿ ಎರಡು ನಿಮಿಷ ಚಿತ್ರೀಕರಿಸಿಟ್ಟುಕೊಂಡು ಅವರ ಜೊತೆಗೆ ವೈದ್ಯರ ಬಳಿ ಹೋಗಿ ತೋರಿಸಿ.